ನಮ್ಮ ಓಣಿಯ ಹಸಿ ಕಸ

ಹಸಿ ಕಸ ಕೇಳಲು ಹೋದವರಿಗೆ ಮಂದಿ ಕಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತಾರೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಬೆಳಗಾದರೆ ಗಾಡಿ ತಳ್ಳುವ ನನಗೆ ಇದು ರೂಢಿಯಾಗಿದೆ. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಖರೇ ಹೇಳಬೇಕೆಂದರೆ ಸಿಟ್ಟೇ ಹೆಚ್ಚು.

ಅಡುಗೆಮನೆಯ ಕಸ ಕೂಡಿಸಿ ಗೊಬ್ಬರ ಮಾಡುವ ಕೆಲಸ ನಮ್ಮ ಮಹಿಳಾ ಸಂಘದ್ದು. ಗುಂಡಿಗೆ ಹಿತ್ತಿಲ ಜಾಗ ಕೊಟ್ಟ ಕಿರಾಣಿ ಸಾಹುಕಾರರು ಮೊದಲೇ ಹೇಳಿದ್ದರು: "ಮೊದಲನೇ ಗೊಬ್ಬರ ಓಣಿ ಮಂದಿ ಒಯ್ದ್ರ ಗುಂಡಿ ಇರಲಿ. ಒಯ್ಲಿಲ್ಲಾಂದ್ರ ಮುಚ್ಚಿ ನನ್ನ ಜಾಗಾ ನನಗ ಕೊಡ್ರಿ." ಗುಂಡಿ ಮುಚ್ಚಿದರೆ ನನಗೂ ಕೆಲಸವಿಲ್ಲ, ನನ್ನ ಜೊತೆ ಗಾಡಿ ತಳ್ಳುವ ಆಪಾಗೂ ಇಲ್ಲ.

ಶುಕ್ರವಾರ

ಮೂಲೆ ಮನೆಯ ಅಕ್ಕಾರು ಒಂದು ಶುಕ್ರವಾರ ಬಾಗಿಲಲ್ಲೇ ನಮ್ಮನ್ನು ತಡೆದರು.

"ಇವತ್ತ ಮನಿಯೊಳಗಿಂದ ಏನೂ ಹೊರಗ ಕೊಡಂಗಿಲ್ಲ."

"ಕಸಾನೂ ಕೊಡಂಗಿಲ್ಲೇನ್ರಿ?"

"ಕಸದ ಬೆನ್ನ ಹತ್ತಿ ಲಕ್ಷ್ಮಿ ಹ್ವಾದ್ರ ಯಾರ ತಂದಕೊಡ್ತಾರ?"

ಶನಿವಾರ ಹೋದಾಗ ಡಬ್ಬಿಯ ತುಂಬ ಹುಳ. ಮೂಗು ಮುಚ್ಚಿಕೊಂಡು ಸುರಿದುಕೊಂಡೆವು. "ಗೊಬ್ಬರಾ ಆದ ಮ್ಯಾಲೆ ಶುಕ್ರವಾರ ಇದ್ರೂ ತರ್ರಿ ಮತ್ತ," ಅಂದರು ಅಕ್ಕಾರು. "ತಗೊಳ್ಳಾಕ ನಾವು ವಾರಾ ನೋಡಂಗಿಲ್ಲ."

ಅತ್ತೆಯ ಕೋಲು

ಇನ್ನೊಂದು ಮನೆಯ ಅತ್ತೆ ದಿನಾ ಕೋಲು ಹಿಡಿದು ಗಾಡಿಯ ಹತ್ತಿರ ಬರುತ್ತಿದ್ದರು. ಸೊಸೆ ಸುರಿದ ಕಸವನ್ನು ಬುಡದ ತನಕ ತಿರುವಿ ನೋಡುತ್ತಿದ್ದರು. ಓಣಿಯಲ್ಲಿ ಒಬ್ಬರಿಗಾದರೂ ಪ್ಲಾಸ್ಟಿಕ್ ಬೇರೆ ಮಾಡಬೇಕೆಂಬ ಅರಿವು ಬಂತಲ್ಲ ಎಂದು ನನಗೆ ಭಾಳ ಖುಷಿಯಾಯಿತು.

"ಪ್ಲಾಸ್ಟಿಕ್ ಏನರ ಸಿಕ್ತೇನ್ರೀ ಯವ್ವಾ?" ಅಂತ ಕೇಳಿದೆ.

"ಪ್ಲಾಸ್ಟಿಕ್ ಕಟಗೊಂಡ ನಾ ಏನ ಮಾಡ್ಲಿ? ನಿನ್ನೆ ಎಷ್ಟ ರೊಟ್ಟಿ ಒಗದಾಳಂತ ನೋಡಾಕತ್ತೇನಿ."

ಮರುದಿನದಿಂದ ಸೊಸೆ ಜಾಣೆಯಾದಳು. ಉಳಿದ ರೊಟ್ಟಿಯನ್ನೆಲ್ಲ ಕರಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಗಿಯಾಗಿ ಗಂಟು ಹೊಡೆದು ಕೊಡತೊಡಗಿದಳು. ಅತ್ತೆ ಸೊಸೆಯ ಜಗಳದ ಗಂಟು ಬಿಚ್ಚುತ್ತ ನಮ್ಮ ಉಗುರು ಕಿತ್ತುಬಂದವು.

ಗೊಬ್ಬರ ಹಂಚಿದ ದಿನ

ಅಂತೂ ಗೊಬ್ಬರವಾಯಿತು. ಕರ್ರಗೆ, ಪುಡಿಪುಡಿಯಾಗಿ, ಕೈಯಲ್ಲಿ ಹಿಡಿದರೆ ನಮಗೇ ಹೆಮ್ಮೆ. ಆಪಾ ಹೊಸ ಸೀರೆ ಉಟ್ಟು ಬಂದಿದ್ದಳು. ಚೀಲ ತುಂಬಿಕೊಂಡು ಮೊದಲು ಮೂಲೆ ಮನೆಗೆ ಹೋದೆವು. ಅಕ್ಕಾರು ಹಾವು ಕಂಡವರಂತೆ ಹಿಂದೆ ಸರಿದರು.

"ಬ್ಯಾಡ್ರವ್ವಾ! ಅಮಾಸಿ ದಿನ ದೃಷ್ಟಿ ತಗದ ನಿಂಬಿಹಣ್ಣ ನಿಮ್ಮ ಗಾಡ್ಯಾಗ ಹಾಕೇನಿ. ತಿರುಗಿ ಮನಿಯೊಳಗ ತಗೊಳ್ಳೇನ?"

ಮೊದಲು ಇಂಥ ಹಣ್ಣನ್ನು ಮೂರು ದಾರಿ ಕೂಡುವಲ್ಲಿ ಒಗೆಯುತ್ತಿದ್ದರು. ಅಲ್ಲಿಯ ಅಂಗಡಿಯವರು ಜಗಳಕ್ಕೆ ಬರತೊಡಗಿದ ಮೇಲೆ ನಮ್ಮ ಗಾಡಿ ಸಿಕ್ಕಿದೆ.

ಪಕ್ಕದ ಮನೆಯಾಕೆ ಇಣುಕಿದಳು. "ಅಯ್ಯ, ನೀವೂ ಹಾಕೀರೇನ್ರಿ? ನಾ ಒಬ್ಬಾಕೀನs ಅಂತ ತಿಳ್ಕೊಂಡಿದ್ನಿ!"

ಕೇಳುತ್ತ ಹೋದರೆ ಹಾಕದ ಮನೆಯೇ ಇಲ್ಲ. ಮಕ್ಕಳದು, ಮೊಮ್ಮಕ್ಕಳದು, ಹೊಸ ಬೈಕಿನದು, ಎಲ್ಲರ ದೃಷ್ಟಿಯೂ ನಮ್ಮ ಗುಂಡಿಯಲ್ಲೇ ಬಿದ್ದಿತ್ತು. ತನ್ನ ಹಣ್ಣು ಹಾಕುವಾಗ ಯಾರಿಗೂ ಚಿಂತೆ ಇರಲಿಲ್ಲ. ಗೊಬ್ಬರ ಬೇರೆಯವರ ಹಿತ್ತಿಲಿಗೆ ಹೋಗುತ್ತದೆಂಬ ಧೈರ್ಯ.

"ಎಲ್ಲಾ ಕೊಳತು ಮಣ್ಣಾಗೈತ್ರಿ," ಎಂದು ನಾನು ಗೋಗರೆದೆ.

ಕೋಲು ಹಿಡಿದ ಅತ್ತೆ ಕೇಳಿದರು, "ಹಣ್ಣ ಕೊಳೀತೈತವ್ವಾ. ದೃಷ್ಟಿ ಕೊಳೀತೈತೇನ?"

ಒಂದು ಬೊಗಸೆಯನ್ನೂ ಯಾರೂ ಒಯ್ಯಲಿಲ್ಲ. ಸಂಜೆ ಸಾಹುಕಾರರು ಬಂದು ರಾಶಿ ನೋಡಿದರು. "ಮಾತಂದ್ರ ಮಾತು. ಗುಂಡಿ ಮುಚ್ಚರಿ," ಅಂದರು. ನಾನು ರಾಶಿಯ ಕಡೆ ಕೈ ತೋರಿಸಿದೆ.

"ಈ ರಾಶಿ ಏನ ಮಾಡೂಣ್ರಿ?"

"ನೀವs ಒಯ್ರಿ ನಿಮ್ಮನಿಗೆ."

ಆಪಾ ಸೊಂಟಕ್ಕೆ ಸೆರಗು ಸಿಕ್ಕಿಸಿ, ನೋಡಲು ನೆರೆದಿದ್ದ ಓಣಿಯವರ ಕಡೆಗೆ ತಿರುಗಿದಳು. "ನಮಗ ದೃಷ್ಟಿ ತಾಗಂಗಿಲ್ಲೇನ್ರಿ?"

ಮೂಲೆ ಮನೆಯ ಅಕ್ಕಾರು ಹತ್ತಿರ ಬಂದು, ಧೈರ್ಯ ಹೇಳುವ ದನಿಯಲ್ಲಿ ಅಂದರು:

"ನಿಮಗೇನ ತಾಗತೈತಿ ಬಿಡ್ರವ್ವಾ. ನಿಮ್ಮನ್ನ ನೋಡಿ ಯಾರ ಹೊಟ್ಟಿ ಉರೀಬೇಕು?"