ಸಾಹೇಬರು ತೆರೆದ ಕಿಟಕಿ

"ಇನ್ನು ಮೇಲೆ ಈ ಮನೆಯಲ್ಲಿ ಮರೆವು ಅನ್ನೋದೇ ಇರಕೂಡದು!" ಎಂದು ಸಾಹೇಬರು ಭಾನುವಾರ ಬೆಳಗ್ಗೆ ಘೋಷಿಸಿದರು. ಸಾಹೇಬರು ಎಂದರೆ ದೊಡ್ಡ ಅಧಿಕಾರಿಯೇನಲ್ಲ, ನೀರು ಸರಬರಾಜು ಕಚೇರಿಯ ಗುಮಾಸ್ತರು. ಆ ಬಿರುದು ಹೆಂಡತಿ ಕೊಟ್ಟದ್ದು. ಗೌರವದಿಂದಲ್ಲ.

ಮರೆತದ್ದನ್ನು ನೆನಪಿಸಲು ಮನೆಯ ಕಂಪ್ಯೂಟರಿಗೆ ತಾವೇ ಒಂದು ತಂತ್ರಾಂಶ ಬರೆಯುತ್ತಾರಂತೆ!

"ಅದರಲ್ಲೇನಿದೆ? ಚೌಕಟ್ಟು ರೆಡಿಯಾಗೇ ಸಿಗುತ್ತೆ ಕಣೇ. ಕಿಟಕಿ, ಬಟನ್ನು, ಮೆನು ಎಲ್ಲ ಬೇರೆಯವರು ಮಾಡಿಟ್ಟಿರ್ತಾರೆ. ನಾವು ಹೋಗಿ ಕೂತರೆ ಆಯ್ತು."

"ಓ, ನಮ್ಮ ಸಂಸಾರದ ಹಾಗೆ!" ಎಂದಳು ಹೆಂಡತಿ.

ಸಂಜೆ ಹೊತ್ತಿಗೆ ಪರದೆಯ ಮೇಲೆ ಪುಟ್ಟ ಕಿಟಕಿಯೊಂದು ಮೂಡಿತು. ಅದರಲ್ಲಿ "ನಲ್ಲಿ ನಿಲ್ಲಿಸಿದೆಯಾ?" ಎಂಬ ಪ್ರಶ್ನೆ, ಕೆಳಗೆ "ಹೌದು" ಎಂಬ ಬಟನ್ನು. ಮಿಕ್ಕೆಲ್ಲದರ ಮೇಲೆ ಕಾಣುವಂತೆ, ಕಂಪ್ಯೂಟರ್ ಶುರುವಾದ ಅರ್ಧ ಗಂಟೆಗೆ ತಾನೇ ಎದ್ದು ಬರುವಂತೆ ಸಾಹೇಬರು ಏರ್ಪಾಡು ಮಾಡಿದ್ದರು. ಚೌಕಟ್ಟಿನ ಜೊತೆ ಬಂದ ಮಾದರಿಯಲ್ಲಿ ಒಂದೇ ಒಂದು ಸಾಲು ಅವರಿಗೆ ಅರ್ಥವಾಗಲಿಲ್ಲ. "ತಿಳಿದವರು ಬರೆದದ್ದು, ಸುಮ್ಮನೆ ಬರೆದಿರಲ್ಲ" ಎಂದು ಭಕ್ತಿಯಿಂದ ಹಾಗೇ ಉಳಿಸಿಕೊಂಡರು.

"ಒತ್ತಿ ನೋಡಿದ್ರಾ?"

"ನನ್ನ ಕೆಲಸಕ್ಕೇ ಪರೀಕ್ಷೆಯೇ?"

ಪರೀಕ್ಷೆ ಮರುದಿನ ಬೆಳಗ್ಗೆಯೇ ಆಯಿತು. ಹೆಂಡತಿಗೆ ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನ. ವರ್ಷಗಟ್ಟಲೆ ಕಾದಿದ್ದ ಅವಕಾಶ. ಅದೂ ಇದೇ ಕಂಪ್ಯೂಟರಿನಲ್ಲಿ! ತಾನು ಪಾಠ ಮಾಡುವ ರೀತಿ ತೋರಿಸಲು ಅವಳು ತನ್ನ ಪರದೆ ಆಯ್ಕೆ ಮಂಡಳಿಗೂ ಕಾಣುವಂತೆ ಮಾಡಿದ್ದಳು. ಮಧ್ಯದಲ್ಲೇ ವಕ್ಕರಿಸಿತು: "ನಲ್ಲಿ ನಿಲ್ಲಿಸಿದೆಯಾ?"

ಹೌದು ಎಂದು ಒತ್ತಿದಳು. ಎರಡು ಕಿಟಕಿ ತೆರೆದವು. ಎರಡಕ್ಕೂ ಹೌದು ಎಂದಳು. ನಾಲ್ಕಾದವು! ಬಟನ್ ಒತ್ತಿದಾಗಲೆಲ್ಲ ಇನ್ನೆರಡು ಕಿಟಕಿ ತೆರೆ ಎಂಬುದೇ ಆ ಭಕ್ತಿಯ ಸಾಲು. ನೋಡನೋಡುತ್ತ ಪಾಠ ಮುಳುಗಿಹೋಗಿ ಪರದೆಯ ತುಂಬ ನಲ್ಲಿಯದೇ ವಿಚಾರಣೆ.

ಕಿಟಕಿಗಳ ಟಿಣ್ ಟಿಣ್ ಸದ್ದು ಕೇಳಿ, ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಬಚ್ಚಲಿನಿಂದ ಓಡಿಬಂದ ಸಾಹೇಬರು, ಕ್ಯಾಮೆರಾಕ್ಕೆ ಕಾಣಬಾರದೆಂದು ಅಂಬೆಗಾಲಿಟ್ಟು ಮೇಜಿನಡಿ ನುಸುಳಿದರು. ಒಳಗೆ ಸೇರಿದ್ದಾಯಿತು. ಮುಂದೇನು ಮಾಡಬೇಕೆಂದು ಯಾವ ಚೌಕಟ್ಟೂ ಹೇಳಿಕೊಟ್ಟಿರಲಿಲ್ಲ.

ಮಂಡಳಿಯ ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡರು. "ಮೇಡಂ, ಬುದ್ಧಿವಂತಿಕೆ ತೋರಿಸೋಕೆ ಹೋಗಿ ಇಡೀ ಕ್ಲಾಸು ಕೆಡಿಸೋ ಹುಡುಗ ಇದ್ರೆ ಏನ್ಮಾಡ್ತೀರಿ?"

ಹೆಂಡತಿ ಮುಖದ ನಗೆ ಕದಲಿಸಲಿಲ್ಲ. "ಬೈಯೋದಿಲ್ಲ ಮೇಡಂ. ಮಾಡೋಕೆ ಆಗೋಂಥ ಒಂದು ಸಣ್ಣ ಕೆಲಸ ಕೊಡ್ತೀನಿ. ರೀ, ಮೇಜಿನ ಕೆಳಗಿಂದ ಎದ್ದು ಹೋಗಿ ಆ ನಲ್ಲಿ ನಿಲ್ಲಿಸಿ. ಆಗಿನಿಂದ ಸುರೀತಿರೋದು ಕೇಳಿಸ್ತಿದೆ."

ಸಾಹೇಬರು ತೆವಳಿಕೊಂಡೇ ಹೋದರು. ಬಚ್ಚಲಿನ ನೀರು ಹೊಸ್ತಿಲು ದಾಟಿತ್ತು. ಹಿಂದಿನಿಂದ ಇಡೀ ಮಂಡಳಿ ಬಿದ್ದುಬಿದ್ದು ನಗುವುದು ಕೇಳಿಸಿತು.

ಸಂಜೆ ಶಾಲೆಯಿಂದ ಫೋನು ಬಂತು. ಕೆಲಸ ಹೆಂಡತಿಗೇ!

"ನಿಮ್ಮ ತಂತ್ರಾಂಶ ಪರವಾಗಿಲ್ಲ ರೀ," ಎಂದಳು. "ಕೇಳಿದ ಪ್ರಶ್ನೆ ಸರಿಯಾಗೇ ಇತ್ತು. ಕೇಳಬೇಕಾಗಿದ್ದದ್ದು ನನ್ನನ್ನಲ್ಲ, ಅಷ್ಟೇ."

ಸಾಹೇಬರು ಇನ್ನೂ ನೆಲ ಒರೆಸುತ್ತಿದ್ದರು.