ಗೋಲ್‌ಕೀಪರನ ಹತ್ತು ಬೆರಳು

ನನ್ನ ಗಂಡ ಹೊಟ್ಟೆಪಾಡಿಗೆ ಟೇಲರ್, ಸಂಜೆಗೆ ಗೋಲ್‌ಕೀಪರ್. ಎರಡಕ್ಕೂ ಬೇಕಾದದ್ದು ಅವೇ ಹತ್ತು ಬೆರಳು. ಹೀಗಾಗಿ ಜೀವ ಕೈಯಲ್ಲಿ ಹಿಡಿದು ಕೂಡುವ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಯಾವತ್ತೂ ಬರ ಬಂದದ್ದಿಲ್ಲ. ಆದರೆ ಆ ಒಂದು ವರ್ಷ ಬಂದಷ್ಟು ಮತ್ಯಾವಾಗಲೂ ಬರಲಿಲ್ಲ.

ಬಳ್ಳಾರಿ ಆಗಿನ್ನೂ ಮದ್ರಾಸ್ ಸರಕಾರಕ್ಕೆ ಸೇರಿತ್ತು. ದೇಶದ ಮೂಲೆಮೂಲೆಯ ತಂಡಗಳು ಆಡುವ ಒಂದು ದೊಡ್ಡ ಫುಟ್‌ಬಾಲ್ ಕಪ್ಪಿಗೆ ನಮ್ಮ ಊರಿನವರೂ ಹೆಸರು ಕೊಟ್ಟರು. ಗೆದ್ದರೆ ಮುಂದಿನ ಸುತ್ತು, ಒಂದು ಸಲ ಸೋತರೆ ಸೀದಾ ಮನೆಗೆ. ತಂಡ ಗೆಲ್ಲಲಿ ಅಂತ ಊರೆಲ್ಲ ಹರಕೆ ಹೊತ್ತರೆ, ಬೆರಳು ಉಳಿಯಲಿ ಅಂತ ನಾನೂ ನಮ್ಮತ್ತಿಯೂ ಹೊತ್ತೆವು. ಹಿಂದಿನ ವರ್ಷ ಇವರ ಕಿರುಬೆರಳು ಮುರಿದು, ಹೊಲಿಗೆ ಮಷಿನ್ ಮೇಲೆ ಬಟ್ಟೆ ಹೊದಿಸಿಟ್ಟು ಕೂತ ದಿನಗಳನ್ನು ನಾವಿಬ್ಬರೂ ಮರೆತಿರಲಿಲ್ಲ.

೧. ಇನ್ನೂ ಎಷ್ಟು ದಿನ?

ಮೊದಲ ಆಟ ಬಳ್ಳಾರಿಯಲ್ಲೇ. ಮೈದಾನಕ್ಕೆ ಹೊಂದಿಕೊಂಡ ಪರಿಚಯದವರ ಮಾಳಿಗೆಯ ಮೇಲೆ ನಾನೂ ಅತ್ತಿಯೂ ಕೂತೆವು. ಅತ್ತಿ ಕುರುಗೋಡಿನವರು. ಹೊಲದ ಈ ತುದಿಯಿಂದ ಆ ತುದಿಗೆ ಆಳು ಕರೆದು ಪಳಗಿದ ದನಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಇವರು ಚೆಂಡಿನ ಮೇಲೆ ಬಿದ್ದರು. ಇವರ ಮೇಲೆ ನಾಲ್ಕು ಮಂದಿ ಬಿದ್ದರು.

"ಏಯ್, ಬೆರಳು ತೋರ್ಸಲೇ!" ಅತ್ತಿ ಕೂಗಿದರು.

ಇವರು ಎದ್ದವರೇ ಧೂಳನ್ನೂ ಕೊಡವದೆ, ಎರಡೂ ಕೈ ಎತ್ತಿ ಹತ್ತೂ ಬೆರಳು ಅಗಲಿಸಿ ತೋರಿಸಿದರು. ಆಮೇಲೆ ಚೆಂಡು ಹಿಡಿದಾಗೆಲ್ಲ ಇದೇ. ಜನ ಇದನ್ನು ಯಾವುದೋ ಮಂತ್ರ ಅಂದುಕೊಂಡು ತಾವೂ ಹತ್ತು ಬೆರಳು ಎತ್ತತೊಡಗಿದರು. ಆಟ ಗೆದ್ದೆವು.

ಮರುದಿನ ಅಂಗಡಿಗೆ ಒಬ್ಬ ಗಿರಾಕಿ ಬಂದರು. "ನನ್ನ ಕೋಟಿಂದು ಏನಾತಪಾ?" ಅಂತ ಅವರು ಕೇಳುವುದಕ್ಕೂ, ರಸ್ತೆಯಲ್ಲಿ ಹೊರಟಿದ್ದ ಅಭಿಮಾನಿಯೊಬ್ಬ ಹತ್ತು ಬೆರಳು ಎತ್ತುವುದಕ್ಕೂ ಸರಿಹೋಯಿತು. ಇವರೂ ಹಿಗ್ಗಿನಿಂದ ಹತ್ತು ಬೆರಳು ಎತ್ತಿದರು.

ಗಿರಾಕಿ ತಲೆ ಮೇಲೆ ಕೈ ಹೊತ್ತು ಕೂತರು. "ಎಪ್ಪಾ, ನಾಳೆ ಮಗನ ಮದುವಿ ಐತೋ! ಇನ್ನೂ ಹತ್ತು ದಿನ ಅಂದ್ರ ಹೆಂಗ?"

೨. ಮಾವನ ಉಡುಗೊರೆ

ಎರಡನೆಯ ಆಟಕ್ಕೆ ಸಿರುಗುಪ್ಪದಿಂದ ನಮ್ಮಪ್ಪ ಬಂದರು. ಬಂದವರ ಮುಖದಲ್ಲಿ ಕಳೆಯೇ ಇಲ್ಲ.

"ಸೋತವ್ರನ್ನ ಹೊರಗ ಹಾಕ್ತಾರಂತಲ್ಲವ್ವಾ. ಅಂಗಡಿಯಿಂದೇನು?"

"ಇಲ್ಲಪ್ಪಾ, ಕಪ್ಪಿನಿಂದ."

"ಒಂದು ಚಾ ಕಪ್ಪಿನ ಸಲುವಾಗಿ ಬೆರಳು ಮುರಕೋತಾರೇನು?"

ಇಷ್ಟೆಂದು ಚೀಲದಿಂದ ಒಂದು ಜೊತೆ ಕೈಗವಸು ತೆಗೆದರು. ಎಮ್ಮೆ ಚರ್ಮದ್ದು. ಚಪ್ಪಲಿ ಹೊಲಿಯುವವರಿಗೆ ಹೇಳಿ ಮಾಡಿಸಿದ್ದಂತೆ. ಹಲಗೆಯಷ್ಟು ಬಿರುಸು. "ಅಳಿಯಂದಿರು ಇವನ್ನ ಹಾಕ್ಕೊಂಡು ಆಡ್ಲಿ" ಅಂದರು.

ಮಾವನ ಮಾತು ಮೀರುವುದುಂಟೇ? ಇವರು ಹಾಕಿಕೊಂಡು ನಿಂತರು. ಮೊದಲ ಚೆಂಡು ನೆಟ್ಟಗೆ ಕೈಗೇ ಬಂತು. ಬೆರಳು ಮಡಚಬೇಕಲ್ಲ! ಚೆಂಡು ಪುಟಿದು ಎದುರಿನವನ ಕಾಲಿಗೆ ಹೋಯಿತು, ಅಲ್ಲಿಂದ ಗೋಲಿಗೆ. ಇವರು ದಿಕ್ಕುಗೆಟ್ಟು ಮಾಳಿಗೆಯ ಕಡೆ ನೋಡಿದರು. ನನ್ನ ಪಕ್ಕದಲ್ಲಿ ಅಪ್ಪ, "ನೋಡವ್ವಾ, ಬೆರಳಿಗೆ ಒಂಚೂರೂ ಪೆಟ್ಟಾಗ್ಲಿಲ್ಲ" ಅಂತ ಹಿಗ್ಗುತ್ತಿದ್ದರು.

ಹೀಗೇ ಬಿಟ್ಟರೆ ಊರಿನ ಕಪ್ಪು ನಮ್ಮ ಮನೆತನದಿಂದಲೇ ಹೋಗುತ್ತದೆ.

"ಅಪ್ಪಾ, ಒಂದೀಟು ಚಾ ಕುಡದು ಬರ್ರಿ. ಮೂಲಿ ಹೋಟ್ಲದಾಗ ಮಿರ್ಚಿನೂ ಬಿಸಿ ಅದಾವಂತ."

ಅಪ್ಪ ಮೆಟ್ಟಿಲು ಇಳಿಯುತ್ತಲೇ ನಾನು ಸೆರಗು ಬೀಸಿದೆ. ಇವರು ಕೈಗವಸು ಕಿತ್ತು ಗೋಲಿನ ಹಿಂದೆ ಎಸೆದರು. ಆಮೇಲೆ ಒಂದೂ ಚೆಂಡು ಬಿಡಲಿಲ್ಲ. ನಮ್ಮವರು ಎರಡು ಗೋಲು ಹೊಡೆದರು. ಅಪ್ಪ ಮಿರ್ಚಿ ಮುಗಿಸಿ ಮೈದಾನಕ್ಕೆ ಬರುವ ಹೊತ್ತಿಗೆ ಆಟ ಮುಗಿದಿತ್ತು, ಮತ್ತು ಒಂದು ನಾಯಿ ಕೈಗವಸು ಕಚ್ಚಿಕೊಂಡು ಮೈದಾನದ ನಡುವೆ ಓಡುತ್ತಿತ್ತು.

"ಅದು ನಾಯಿ ಬಾಯಾಗ ಹೆಂಗ ಹೋತ್ರಿ?" ಅಂತ ಅಪ್ಪ ಅಳಿಯನನ್ನು ಕೇಳಿದರು.

ನನ್ನ ಗಂಡನಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಮಾವಾರ... ಅದು... ಕೈಯಾಗಿಂದನ ಎಳಕೊಂಡು ಹೋತ್ರಿ" ಅಂತ ತಡವರಿಸಿದರು.

ಅಪ್ಪ ಅಳಿಯನ ಬೆರಳೆಲ್ಲ ಮುಟ್ಟಿಮುಟ್ಟಿ ನೋಡಿದರು. "ನೋಡಿದ್ರ್ಯಾ? ಗವಸು ಇತ್ತಂತ ಉಳದ್ವು. ಇಲ್ಲಂದ್ರ ನಾಯಿ ಕಚ್ಚತಿತ್ತು!"

೩. ಪಟ್ಟಿ ಕಟ್ಟಿದ ತಂಡ

ಮೂರನೆಯ ಆಟ ಮದ್ರಾಸಿನಲ್ಲಿ, ಮಿಲಿಟರಿ ತಂಡದ ಮೇಲೆ. ಏನಾಯಿತೆಂದು ಬಳ್ಳಾರಿಯಲ್ಲಿ ಯಾರಿಗೂ ಸುದ್ದಿಯಿಲ್ಲ. ತಂಡ ಮರಳುವ ದಿನ ಸ್ಟೇಶನ್ ತುಂಬ ಜನ, ಹೂವಿನ ಹಾರ, ಹಲಗೆಯ ಬಡಿತ.

ಗಾಡಿ ನಿಂತಿತು. ಮೊದಲು ಇಳಿದವರು ನನ್ನ ಗಂಡ. ಬಲಗೈಗೆ ಮೊಣಕೈತನಕ ಬಿಳಿ ಪಟ್ಟಿ. ಹಿಂದೆ ಕ್ಯಾಪ್ಟನ್, ತಲೆಗೆ ಪಟ್ಟಿ. ಅವರ ಹಿಂದೆ ಮುಂದೆ ನಿಂತು ಗೋಲು ಹೊಡೆಯಬೇಕಾದ ಸೆಂಟರ್ ಫಾರ್ವರ್ಡ್ ಹುಡುಗ, ಕಾಲಿಗೆ ಪಟ್ಟಿ, ಇಬ್ಬರ ಹೆಗಲ ಮೇಲೆ ಜೋತುಬಿದ್ದು ಕುಂಟುತ್ತಾ. ಒಬ್ಬರಾದ ಮೇಲೆ ಒಬ್ಬರು ಹನ್ನೊಂದೂ ಮಂದಿ ಇಳಿದರು. ಪಟ್ಟಿಯಿಲ್ಲದವರು ಒಬ್ಬರೂ ಇಲ್ಲ.

ಹಲಗೆಯ ಬಡಿತ ನಿಂತುಹೋಯಿತು. ಎಂಟು ಗೋಲಿನಿಂದ ಸೋತರೆಂದು ಗೊತ್ತಾದರೂ ಬೈಯಲು ಯಾರಿಗೂ ಬಾಯಿ ಬರಲಿಲ್ಲ. "ಪಾಪ, ಆಡಾಕ ಕರದು ಹಿಂಗ ಬಡಿಯೋದಾ!" ಅಂತ ಹೆಂಗಸರು ಕಣ್ಣೊರೆಸಿಕೊಂಡರು.

ನಾನು ಕಂಬ ಹಿಡಿದು ನಿಂತೆ. ಬಲಗೈ! ಇನ್ನು ಕತ್ತರಿ ಹಿಡಿಯುವುದು ಹೇಗೆ, ಮನೆ ನಡೆಯುವುದು ಹೇಗೆ? ಅತ್ತಿ ಮಾತ್ರ ಜನರನ್ನು ಸರಿಸಿಕೊಂಡು ಹೋಗಿ ಮಗನ ಪಟ್ಟಿ ಬಿಚ್ಚತೊಡಗಿದರು.

"ಬ್ಯಾಡವ್ವಾ, ನೋವೈತಿ. ಮನಿಗೆ ಹೋಗಿ ಬಿಚ್ಚೋಣು" ಅಂತ ಇವರು ಗೋಗರೆದರು.

ಅತ್ತಿ ಬಿಡಲಿಲ್ಲ. ಸುತ್ತು ಬಿಚ್ಚಿ ಬಿಚ್ಚಿ ಕೊನೆಗೆ ಹೊರಬಂದ ಕೈಯಲ್ಲಿ ಒಂದು ತರಚು ಗಾಯವೂ ಇಲ್ಲ. ಅವರು ಒಂದೊಂದೇ ಬೆರಳು ಮಡಚಿ, ಬಿಡಿಸಿ, ಹಿರಿಹಿರಿ ಹಿಗ್ಗಿ ಕೂಗಿಬಿಟ್ಟರು: "ಏನೂ ಆಗಿಲ್ಲರ್ರೋ! ನನ್ನ ಮಗನ ಕೈ ಬಂಗಾರದಂಗ ಐತಿ! ಸುಮ್ಮನ ಕಟಗೊಂಡಾನ!"

ನಾನು ನಿಂತಲ್ಲೇ ಅತ್ತುಬಿಟ್ಟೆ, ಸಂತೋಷಕ್ಕೆ. ಇವರು ಬೆವರಿಬಿಟ್ಟರು. ಎಲ್ಲರ ಕಣ್ಣೂ ಉಳಿದ ಹತ್ತು ಪಟ್ಟಿಗಳ ಮೇಲೆ.

ಸೆಂಟರ್ ಫಾರ್ವರ್ಡ್ ಹುಡುಗನ ಅವ್ವ ಅಷ್ಟೊತ್ತೂ ಮಗನ ಪಟ್ಟಿಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಆಕೆ ಅಳು ನಿಲ್ಲಿಸಿದಳು. ಮಗನ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ತನ್ನ ಕಾಲಿನ ಚಪ್ಪಲಿಗೆ ಕೈಹಾಕಿದಳು.

ಹುಡುಗ ಎದ್ದ. ಜನರ ನಡುವೆ ನುಸುಳಿ, ಮೂಟೆಗಳನ್ನು ಹಾರಿ, ಪಟ್ಟಿಯ ತುದಿ ಬಾಲದಂತೆ ಹಾರಾಡುತ್ತಿರಲು, ಗೂಡ್ಸ್ ಷೆಡ್ಡು ದಾಟಿ ಓಡಿದ. ಆಕೆ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದಳು.

ಕ್ಯಾಪ್ಟನ್ನು ಕಣ್ಣಿಗೆ ಜಾರಿದ ತಲೆಪಟ್ಟಿಯನ್ನು ಮೇಲೆ ಸರಿಸಿ, ಬಾಯಿ ಬಿಟ್ಟು ನೋಡುತ್ತ ನಿಂತರು. ಆಮೇಲೆ ಹೊಟ್ಟೆ ಉರಿದು ಕೂಗಿದರು:

"ಲೇ, ಅಲ್ಲೂ ಹಿಂಗ ಓಡಿದ್ರ ಗೆದ್ದು ಬರತಿದ್ವಲ್ಲಲೇ!"