ಮೈದುನನ ತಗಡಿನ ಊರು

ಹಾಸನದಲ್ಲಿ ಸೂರ್ಯನನ್ನು ಹುಟ್ಟಿಸಿ ಮುಳುಗಿಸುವ ಕೆಲಸ ಬಹಳ ವರ್ಷ ನಮ್ಮ ಮೈದುನನ ಕೈಯಲ್ಲಿತ್ತು. ಭಾನುವಾರ ಜನ ಜಾಸ್ತಿಯಾದರೆ ಇನ್ನೊಂದು ಸಲ ಹುಟ್ಟಿಸುತ್ತಿದ್ದ! ಮನೆಯಲ್ಲಿ ಬಲ್ಬು ಹೋದರೆ ಮಾತ್ರ, “ಸ್ಟೂಲ್ ಹತ್ತಿದ್ರೆ ನಂಗೆ ತಲೆ ತಿರುಗ್ತದೆ ಅತ್ಗೆ” ಅನ್ನುತ್ತಿದ್ದ. ಬಲ್ಬು ನಾನೇ ಹಾಕುತ್ತಿದ್ದೆ.

ಊರಿನ ಹಳೆಯ ತಾರಾಲಯದಲ್ಲಿ ಅವನು ಯಂತ್ರ ನಡೆಸುವವನು. ಗುಮ್ಮಟದೊಳಗೆ ಕತ್ತಲು ಮಾಡಿ ನಕ್ಷತ್ರ ತೋರಿಸುವುದು. ನಾನಂತೂ ಒಳಗೆ ಕಾಲಿಟ್ಟವಳಲ್ಲ. ನಕ್ಷತ್ರ ನೋಡುವುದಕ್ಕೆ ಟಿಕೆಟ್ ಯಾಕೆ? ಅಂಗಳಕ್ಕೆ ಬಂದರೆ ಕಾಣುವುದಿಲ್ಲವೇ?

ಅವನ ಹುಚ್ಚು ನಕ್ಷತ್ರಗಳ ಮೇಲಲ್ಲ, ಗುಮ್ಮಟದ ಅಂಚಿನ ಮೇಲೆ. ಅಲ್ಲಿ ಸುತ್ತಲೂ ತಗಡಿನಲ್ಲಿ ಊರು ಕತ್ತರಿಸಿ ನಿಲ್ಲಿಸಿದ್ದ. ಪೂರ್ವಕ್ಕೆ ಚನ್ನರಾಯಪಟ್ಟಣದ ತೆಂಗಿನಮರ, ದಕ್ಷಿಣಕ್ಕೆ ಹೊಳೆನರಸೀಪುರದ ಸೇತುವೆ, ಅಲ್ಲಿ ಜಾಗ ಸಾಲದೆ ಪಶ್ಚಿಮಕ್ಕೆ ಸರಿದ ಅರಕಲಗೂಡಿನ ರಸ್ತೆ. ಸಂಗೀತಗಾರರ ಊರು ರುದ್ರಪಟ್ಟಣದವರು ಯಾರೋ ಬಂದು “ನಮ್ಮೂರು ಎಲ್ಲಿ?” ಅಂದರಂತೆ, ಒಂದು ತಂಬೂರಿಯನ್ನೂ ನೆಟ್ಟ. ತೆಂಗಿನಮರಕ್ಕಿಂತ ದೊಡ್ಡ ತಂಬೂರಿ!

ತಗಡು ಎಲ್ಲಿಂದ ಬಂತು ಅಂತೀರಾ? ನಮ್ಮ ಮನೆಯಿಂದ! ನನ್ನ ಎಣ್ಣೆ ಡಬ್ಬ ತೆಂಗಿನಮರವಾಯಿತು. ಬಚ್ಚಲಿನ ಬಾಗಿಲು ಸೇತುವೆಯಾಯಿತು. ಹೊಸ ಬಾಗಿಲು ಬರುವವರೆಗೆ ಹಳೆ ಸೀರೆ ಅಡ್ಡ ಕಟ್ಟಿಕೊಂಡು ಸ್ನಾನ ಮಾಡಿದೆವು. ನಮ್ಮ ಯಜಮಾನರು ತೀರಿಕೊಂಡ ವರ್ಷ ಅವರ ಟ್ರಂಕಿನ ಮುಚ್ಚಳವೂ ಹೋಯಿತು.

“ಅದ್ಯಾವ ಊರಾಯ್ತೋ?” ಅಂದೆ.

“ರಸ್ತೆ ಬದಿಗೆ ಬೇಕಿತ್ತು ಅತ್ಗೆ” ಅಂದ. ಮುಚ್ಚಳವಿಲ್ಲದ ಟ್ರಂಕಿನಲ್ಲಿ ಬೆಕ್ಕು ಮರಿ ಹಾಕಿತು.

ಬರುಬರುತ್ತಾ ಗುಮ್ಮಟ ಸೋರತೊಡಗಿತು. ಮಳೆ ಬಂದರೆ ಸಪ್ತರ್ಷಿಗಳ ಕೆಳಗೆ ಬಕೆಟ್ ಇಡಬೇಕು! ಎರಡು ಸಾವಿರದ ಇಸವಿ ದಾಟಿದ ಮೇಲೆ, ಊರಾಚೆ ಹೊಸ ಕಟ್ಟಡ, ಕಂಪ್ಯೂಟರಿನ ಹೊಸ ಯಂತ್ರ ಎಂದಾಯಿತು. ಹಳೆಯ ಯಂತ್ರ ಅಲ್ಲಿನ ಜಗಲಿಯಲ್ಲಿ ನೋಡುವುದಕ್ಕಂತೆ. ತಗಡೆಲ್ಲ ಗುಜರಿಗಂತೆ.

“ಊರೂ ಕಂಪ್ಯೂಟರಲ್ಲೇ ಬರುತ್ತಪ್ಪ” ಅಂದರು ತಾರಾಲಯದ ಸಾಹೇಬರು.

ಮೈದುನ ಊಟ ಬಿಟ್ಟ. ನಾನು ಹೆದರಲಿಲ್ಲ. ಮನೆಯಲ್ಲಿ ಊಟ ಬಿಟ್ಟಾಗೆಲ್ಲ ಅವನು ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದ. ಆದರೆ ಈ ಸಲ ಹೋಟೆಲಿಗೂ ಹೋಗಲಿಲ್ಲ.

ಸಾಗಿಸುವ ದಿನ, ಯಂತ್ರವನ್ನು ಲಾರಿಗೆ ಹೇರಿದ ಮೇಲೆ, ರಾಹುಕಾಲ ಅಂತ ಚಕ್ರದ ಮುಂದೆ ಕೂತುಬಿಟ್ಟ.

“ಅಣ್ಣೋ, ಗ್ರಹವೆಲ್ಲಾ ಲಾರಿ ಒಳಗೇ ಅವೆ, ಇನ್ಯಾವ ರಾಹುಕಾಲ? ಎದ್ದೇಳಣ್ಣೋ!” ಅಂದ ಡ್ರೈವರ್.

“ಈ ಮಿಷನ್ನಲ್ಲಿ ರಾಹು ಇಲ್ಲ ಕಣ್ಲಾ. ಅವ್ನು ಇನ್ನೂ ಹೊರಗವ್ನೆ!”

ಡ್ರೈವರ್ ಸೋತು ಟೀ ಕುಡಿಯಲು ಹೋದ. ಅವನು ಬರುವಷ್ಟರಲ್ಲಿ ತಗಡೆಲ್ಲ ಲಾರಿ ಹತ್ತಿ ಕೂತಿತ್ತು.

ಹೊಸ ಗುಮ್ಮಟದಲ್ಲಿ ಮೊದಲ ಆಟ. ಸಾಹೇಬರು ಗುಂಡಿ ಒತ್ತಿದರು. ಹಾಸನದ ಸಂಜೆ ಅಂತ ಬಂದದ್ದೇನು? ಸಮುದ್ರ, ಮುಗಿಲು ಮುಟ್ಟುವ ಕಟ್ಟಡ, ಯಾವುದೋ ಪರದೇಶ!

“ಸಾ, ನಮ್ ಬಸ್‌ಸ್ಟ್ಯಾಂಡ್ ಎಲ್ಲೋಯ್ತು ಸಾ?” ಜನ ಒಂದೇ ಗಲಾಟೆ.

ಸಾಹೇಬರು ಬೆವರು ಒರೆಸಿಕೊಂಡು, “ಹಾಕ್ಕೋ ಹೋಗಪ್ಪ ನಿನ್ನ ತಗಡು” ಅಂದರು.

ಸ್ಟೂಲ್ ಹತ್ತಿದರೆ ತಲೆ ತಿರುಗುವವನು ಏಣಿ ಹತ್ತಿ ಸುತ್ತಲೂ ಮೊಳೆ ಹೊಡೆದ! ಅದರ ಮೇಲೆ, “ನೀನು ಬರ್ಲೇಬೇಕು ಅತ್ಗೆ” ಅಂತ ನನಗೆ ಕಾಟ. ಹೋದೆ. ಕುರ್ಚಿ ಹಿಂದಕ್ಕೆ ವಾಲಿತು. ಬಿದ್ದೇಬಿಟ್ಟೆ ಅಂತ ಕಿರುಚಿದೆ. ಎಲ್ಲರೂ ನಕ್ಕರು.

ಸಂಜೆಯಾಯಿತು. ಸೂರ್ಯ ತೆಂಗಿನಮರಗಳ ಹಿಂದೆ ಇಳಿಯತೊಡಗಿದ. ಒಬ್ಬ ತೆಂಗಿನಕಾಯಿ ವ್ಯಾಪಾರಿ ಎದ್ದು ನಿಂತ.

“ಏನ್ ಸಾ ಇದು! ನಮ್ ಚನ್ನರಾಯಪಟ್ಟಣದ ಕಡೆ ಒತ್ತು ಉಟ್ಬೇಕು. ಮುಳುಗ್ತಾ ಅದಲ್ಲ!”

ಆದದ್ದು ಇಷ್ಟೇ. ನಮ್ಮ ಮೈದುನ ಯಾವಾಗಲೂ ಬಾಗಿಲನ್ನು ಗುರುತಿಟ್ಟುಕೊಂಡು ತಗಡು ಹೊಡೆಯುವವನು. ಹಳೆ ಕಟ್ಟಡದ ಬಾಗಿಲು ಪೂರ್ವಕ್ಕಿತ್ತು, ಹೊಸದರದು ಪಶ್ಚಿಮಕ್ಕೆ. ಊರಿಗೆ ಊರೇ ತಿರುಗಿ ನಿಂತಿತ್ತು! ಜನಕ್ಕೆಲ್ಲ ಧ್ರುವ ನಕ್ಷತ್ರ ತೋರಿಸುವವನಿಗೆ ದಿಕ್ಕು ಗೊತ್ತಿಲ್ಲ!

“ನಾಳೆನೇ ಎಲ್ಲ ಕಿತ್ತು ಸರಿಮಾಡು!” ಕತ್ತಲಲ್ಲೇ ಸಾಹೇಬರ ಕೂಗು.

ನಕ್ಷತ್ರಗಳು ಬಂದವು, ಹೋದವು. ಕೊನೆಗೆ ಬೆಳಗಾಯಿತು. ಅರಕಲಗೂಡಿನ ರಸ್ತೆಯ ಹಿಂದೆ ಕೆಂಪೇರಿತು. ರಸ್ತೆ ಬದಿಯಲ್ಲಿ ತಗಡಿನ ಮನುಷ್ಯನೊಬ್ಬ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಒಂದು ಭುಜ ಇಳಿಬಿಟ್ಟು, ಬಸ್ಸಿಗೆ ಕಾಯುತ್ತಿದ್ದ.

ನಮ್ಮ ಯಜಮಾನರು ಅರಕಲಗೂಡಿನ ಶಾಲೆಗೆ ಪಾಠ ಹೇಳಲು ಹೋಗುವಾಗ ನಿಲ್ಲುತ್ತಿದ್ದದ್ದು ಹೀಗೇ. ಟ್ರಂಕಿನ ಮುಚ್ಚಳ!

ಮೈದುನ ಪಕ್ಕಕ್ಕೆ ಬಂದು ನಿಂತ. “ಹಳೇ ಗುಮ್ಮಟದಲ್ಲಿ ಅಣ್ಣನ ಹಿಂದೆ ದಿನಾ ಸೂರ್ಯ ಮುಳುಗೋನು ಅತ್ಗೆ. ಈಗ ಉಲ್ಟಾ ಆಗೋಯ್ತು. ನಾಳೆ ಕಿತ್ತು ಸರಿ ಮಾಡ್ತೀನಿ.”

ನಾನು ಸೆರಗಿನಿಂದ ಕನ್ನಡಕ ಒರೆಸಿಕೊಂಡೆ.

“ತೆಂಗಿನಮರ ಕಿತ್ಕೋ, ತಂಬೂರಿ ಕಿತ್ಕೋ. ಆ ಮೊಳೆ ಮುಟ್ಟಿದ್ರೆ ಕೈ ಮುರೀತೀನಿ ನೋಡು! ನಿಮ್ಮಣ್ಣ ಅಲ್ಲೇ ನಿಂತಿರ್ಲಿ.”

ತೆಂಗಿನಮರಗಳು ಪೂರ್ವಕ್ಕೆ ಬಂದವು, ರಸ್ತೆ ಪಶ್ಚಿಮಕ್ಕೆ ಹೋಯಿತು. ಮರಗಳ ನಡುವೆ, ಅರಕಲಗೂಡಿನ ಬಸ್ಸು ಎಂದೂ ಬಾರದ ಕಡೆ, ನಮ್ಮವರು ಕೊಡೆ ಹಿಡಿದು ನಿಂತಿದ್ದಾರೆ. ಭಾನುವಾರ ಜನ ಜಾಸ್ತಿಯಾದರೆ ಅವರಿಗೆ ಇನ್ನೊಂದು ಸಲ ಬೆಳಗಾಗುತ್ತದೆ.